ಅವ್ವ ಮುಟ್ಟದ ಚಹಾ

ನಾಲ್ಕು ಗಂಟೆಯ ಚಹಾಕ್ಕೆ ನಾವು ಹನ್ನೆರಡೂವರೆಗೇ ಮನೆ ಬಿಡುತ್ತಿದ್ದೆವು. ಉಗಾರ ಖುರ್ದದಿಂದ ಬೆಳಗಾವಿ ಹತ್ತಿರದ ಊರಲ್ಲ. ಕಾರ್ಖಾನೆ ಕಬ್ಬು ನುರಿಸುವ ದಿನಗಳಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಗಬೇಕು. ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಅಪ್ಪ, ಹಿಂದೆ ನಾನು ಮತ್ತು ಅವ್ವ. ಇಸ್ತ್ರಿ ಮಾಡಿದ ಸೀರೆ ಮುದುಡಬಾರದೆಂದು ನಾನು ದಾರಿಯುದ್ದಕ್ಕೂ ಬೆನ್ನು ಒರಗಿಸದೆ ಕೂರುತ್ತಿದ್ದೆ. ಮೂರು ವರ್ಷಗಳಲ್ಲಿ ಹೀಗೆ ಏಳು ಸಲ ಹೋಗಿದ್ದೇವೆ. ಬೆಳಗಾವಿಗೆ, ಕೊಲ್ಹಾಪುರಕ್ಕೆ, ಒಂದು ಸಲ ಪುಣೆಗೂ. ಏಳು ಸಲವೂ ದೊಡ್ಡ ಹೋಟೆಲು, ಏಳು ಸಲವೂ ಅವರು ಹೈ ಟೀ ಎಂದು ಕರೆಯುವ ಮಧ್ಯಾಹ್ನದ ಚಹಾ, ಏಳು ಸಲವೂ ನನ್ನನ್ನು ನೋಡಲು ಬಂದ ಜನ.

ಅದಕ್ಕೆ ಮೊದಲು ಐದು ವರ್ಷ ನನ್ನನ್ನು ಮನೆಯಲ್ಲೇ ತೋರಿಸಿದ್ದರು. ನಮ್ಮದು ಕಾರ್ಖಾನೆಯ ಸುತ್ತ ಬೆಳೆದ ಊರು, ಎಲ್ಲರಿಗೂ ಎಲ್ಲರ ಪಾಳಿ ಗೊತ್ತು, ಯಾರ ಮನೆ ಮುಂದೆ ಯಾವ ಕಾರು ನಿಂತಿತೆಂಬುದೂ ಗೊತ್ತು. ಕಾರು ಹೋದ ಮರುದಿನ ನಾನು ರಾಯಬಾಗದ ಹೈಸ್ಕೂಲಿಗೆ ಪಾಠ ಮಾಡಲು ರೈಲು ಹತ್ತಿದರೆ, ಸ್ಟೇಷನ್ನಿನಲ್ಲೇ ಇಬ್ಬರು ಮೂವರು ಏನಾಯಿತೆಂದು ಕೇಳುತ್ತಿದ್ದರು. ಏನೂ ಆಗಿರುತ್ತಿರಲಿಲ್ಲ. ಒಬ್ಬರಿಗೆ ನಾನು ಎತ್ತರ ಹೆಚ್ಚು, ಇನ್ನೊಬ್ಬರಿಗೆ ನೌಕರಿ ಹೆಚ್ಚು, ಮತ್ತೊಬ್ಬರ ಜಾತಕ ಕೂಡಲಿಲ್ಲ. ಕೊನೆಗೆ ನಮ್ಮ ಸೋಯರಿಕೆ, ಅಂದರೆ ಮದುವೆಯ ಸಂಬಂಧ, ನೋಡುತ್ತಿದ್ದ ನಿಪ್ಪಾಣಿಯ ಮಧ್ಯಸ್ಥರೇ ಈ ಉಪಾಯ ಹೇಳಿದರು. ಈಗೆಲ್ಲ ಕನ್ಯಾ ನೋಡುವುದು ಹೋಟೆಲಿನಲ್ಲಿಯೇ, ಯಾರ ಊರೂ ಅಲ್ಲ, ಯಾರ ಮನೆಯೂ ಅಲ್ಲ, ಆಗದಿದ್ದರೆ ಯಾರಿಗೂ ತಿಳಿಯುವುದೂ ಇಲ್ಲ ಎಂದರು. ಅಪ್ಪನಿಗೆ ಇದು ಹಿಡಿಸಿತು. ನನಗೂ ರೈಲ್ವೆ ಸ್ಟೇಷನ್ನಿನ ವಿಚಾರಣೆ ತಪ್ಪಿದರೆ ಸಾಕಾಗಿತ್ತು. ಅವ್ವ ಮಾತ್ರ ಎದ್ದು ಅಡುಗೆಮನೆಗೆ ಹೋದಳು.

ಹೊತ್ತೂ ನಮಗೆ ಹೊಂದುತ್ತಿತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಊಟವಿಲ್ಲ. ರಾತ್ರಿ ಊಟಕ್ಕೆ ಕರೆದರೆ ಅವ್ವ, ಅಪ್ಪ ಸುಮ್ಮನೆ ಕೈಕಟ್ಟಿ ಕೂರಬೇಕಾಗುತ್ತದೆ. ನಾಲ್ಕರ ಚಹಾ ಆದರೆ ಆ ತಾಪತ್ರಯವಿಲ್ಲ ಎಂದು ಮಧ್ಯಸ್ಥರು ಲೆಕ್ಕ ಹಾಕಿದ್ದರು.

ಆ ಹೋಟೆಲುಗಳನ್ನು ಈಗ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಬಾಗಿಲಲ್ಲಿ ಪೇಟ ಸುತ್ತಿದವನೊಬ್ಬ ಸಲಾಮು ಹೊಡೆಯುತ್ತಾನೆ, ಅಪ್ಪ ತಿರುಗಿ ಅವನಿಗೂ ಕೈ ಮುಗಿಯುತ್ತಾರೆ. ಒಳಗೆ ಸ್ವೆಟರ್ ಬೇಕೆನಿಸುವಷ್ಟು ಎ.ಸಿ. ಕೂತರೆ ಏಳಲಾಗದಂಥ ಸೋಫಾ, ಮೊಣಕಾಲಿಗಿಂತ ಕೆಳಗಿರುವ ಮೇಜು. ಚಹಾ ಬರುವ ಮೊದಲು ಮೂರು ಅಂತಸ್ತಿನ ತಟ್ಟೆ ಬರುತ್ತದೆ. ಕೆಳಗಡೆ ಸೌತೆಕಾಯಿ ಇಟ್ಟು ತ್ರಿಕೋನ ಕತ್ತರಿಸಿದ ಬ್ರೆಡ್ಡು, ನಡುವೆ ದಪ್ಪ ಬಿಸ್ಕೀಟಿನಂಥದ್ದು, ಮೇಲೆ ಎರಡು ಬೆರಳಲ್ಲಿ ಹಿಡಿಯುವಷ್ಟು ಕೇಕುಗಳು. ಜೈನರು ಅಂದ ಕೂಡಲೇ ವೇಟರ್ ಇಡೀ ತಟ್ಟೆ ಎತ್ತಿಕೊಂಡು ಹೋಗಿ, ಮೊಟ್ಟೆ ಇಲ್ಲದ, ಈರುಳ್ಳಿ ಬಟಾಟೆ ಇಲ್ಲದ ಇನ್ನೊಂದನ್ನು ತರುತ್ತಾನೆ. ಅದರಲ್ಲಿ ಕೇಕು ಕಡಿಮೆ, ಸೌತೆಕಾಯಿ ಹೆಚ್ಚು. ಎರಡೂ ಕಡೆಯವರು ಸೌತೆಕಾಯಿ ನೋಡುತ್ತ ಮಳೆಯ ಬಗ್ಗೆ ಮಾತಾಡುತ್ತಾರೆ.

ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಕಾಟಾದ ಮೇಲೆ ಜೀವನ ಸವೆಸಿದವರು. ಮೊದಲ ಸಲ ಅವರು ಸಕ್ಕರೆಯ ಪುಟ್ಟ ಚೌಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಕಾಳು ಸಣ್ಣದು ಎಂದು ತೀರ್ಪು ಕೊಟ್ಟರು. ಆಮೇಲೆ ಚಹಾವನ್ನು ಕಪ್ಪಿನ ಕೆಳಗಿನ ಬಶಿಗೆ ಸುರುವಿಕೊಂಡು, ಊದಿ, ಸೊರ್ ಎಂದು ಎಳೆದರು. ಹಾಗೆ ಕುಡಿಯದಿದ್ದರೆ ಅವರಿಗೆ ಚಹಾ ಕುಡಿದಂತೆಯೇ ಅಲ್ಲ. ಪಕ್ಕದ ಮೇಜಿನ ಹೆಂಗಸು ತಿರುಗಿ ನೋಡಿದಳು. ವರನ ತಾಯಿಯೂ ನಮ್ಮ ಕಡೆ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆ ಸೋಯರಿಕೆ ಆಗಲಿಲ್ಲ, ಮುಂದಿನದೂ ಆಗಲಿಲ್ಲ, ಮೂರನೆಯದೂ ಆಗಲಿಲ್ಲ. ಅಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತಿತ್ತು, ನಕ್ಕು ಮಾತಾಡಿ ಕೈ ಮುಗಿದು ಹೋಗುತ್ತಿದ್ದರು, ಆಮೇಲೆ ಸುದ್ದಿಯೇ ಇಲ್ಲ. ನಾನು ಕಾರಣ ಹುಡುಕಿದೆ. ಹುಡುಕುವವರಿಗೆ ಮನೆಯವರೇ ಮೊದಲು ಕಾಣುವುದು. ಕೊಲ್ಹಾಪುರದಿಂದ ವಾಪಸು ಬರುವಾಗ ಕಾರಿನಲ್ಲೇ ಅಪ್ಪನಿಗೆ ಬಾಯಿಗೆ ಬಂದಂತೆ ಅಂದುಬಿಟ್ಟೆ. ಅಂಥ ಜಾಗದಲ್ಲಿ ಬಶಿಯಲ್ಲಿ ಕುಡಿದರೆ ಯಾರು ನಮ್ಮನ್ನು ಓದಿದವರೆಂದು ತಿಳಿಯುತ್ತಾರೆ ಅಂತ ಕೇಳಿದೆ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ. ಅಪ್ಪ, ಆಯಿತು ಮಗಳೇ, ಎಂದಷ್ಟೇ ಅಂದರು. ನಾಲ್ಕನೆಯ ಸಲ ಅವರು ಕಪ್ಪನ್ನು ಹಿಡಿದು ಬಿಸಿಬಿಸಿಯಾಗಿಯೇ ಗುಟುಕರಿಸಿ ನಾಲಿಗೆ ಸುಟ್ಟುಕೊಂಡರು. ಐದನೆಯ ಸಲಕ್ಕೆ ಆರಿಸಿ ಕುಡಿಯಲು ಕಲಿತಿದ್ದರು. ಆ ಎರಡೂ ಸೋಯರಿಕೆಗಳು ಆಗಲಿಲ್ಲ.

ಇಷ್ಟರಲ್ಲಿ ನನಗೆ ಸುಸ್ತು ಹತ್ತಿತ್ತು. ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಭಾನುವಾರ ಹೋಗಿ ಬಂದರೆ ಗುರುವಾರದವರೆಗೂ ಮೈ ಭಾರ. ಒಂಬತ್ತನೆಯ ತರಗತಿಗೆ ಬೆಳಕಿನ ವಕ್ರೀಭವನ ಹೇಳಿಕೊಡುತ್ತ ನಡುವೆ ಎಲ್ಲಿದ್ದೆನೆಂಬುದೇ ಮರೆತುಹೋಗುತ್ತಿತ್ತು. ಅದೇ ಪ್ರಶ್ನೆ, ಅದೇ ಉತ್ತರ. ಅಡುಗೆ ಬರುತ್ತದೆಯೇ, ಬರುತ್ತದೆ. ನೌಕರಿ ಬಿಡುತ್ತೀರಾ, ನೋಡೋಣ. ಮರಾಠಿ ಬರುತ್ತದೆಯೇ, ನಮ್ಮ ಕಡೆ ಯಾರಿಗೆ ಬರುವುದಿಲ್ಲ. ಮನೆಯಲ್ಲಿ ನೋಡಲು ಬರುತ್ತಿದ್ದಾಗ ನಾನು ಚಹಾ ತಟ್ಟೆ ಹಿಡಿದು ಬಂದು ಹತ್ತು ನಿಮಿಷ ಕೂತು ಒಳಗೆ ಹೋಗಿಬಿಡಬಹುದಿತ್ತು. ಹೋಟೆಲಿನಲ್ಲಿ ಒಳಗೆ ಎಂಬುದೇ ಇಲ್ಲ. ಎರಡು ಗಂಟೆ ಮುಖದ ಮೇಲೆ ನಗು ಇಟ್ಟುಕೊಂಡೇ ಇರಬೇಕು.

ಆರನೆಯ ಚಹಾ ಆಗಿ ಎರಡು ವಾರದ ಮೇಲೆ ನಿಪ್ಪಾಣಿಯ ಮಧ್ಯಸ್ಥರ ಫೋನು ಬಂತು. ಅಪ್ಪನಿಗೆ ಕಿವಿ ಮಂದ, ಅದಕ್ಕೆ ಸ್ಪೀಕರ್ ಹಾಕಿಯೇ ಮಾತಾಡುವುದು. ನಾನು ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮಧ್ಯಸ್ಥರು ಮೊದಲು ಸುತ್ತಿ ಬಳಸಿ ಏನೇನೋ ಹೇಳಿದರು. ಇಷ್ಟು ಮಂದಿಗೆ ನಿಮ್ಮ ಮಗಳು ಮನಸ್ಸಿಗೆ ಬಂದಿದ್ದಳು ಎಂದರು. ಅಪ್ಪನಿಗೆ ಅರ್ಥವಾಗಲಿಲ್ಲ, ಮತ್ತೆ ಯಾಕೆ ಬಿಟ್ಟರು ಎಂದು ಕೇಳಿದರು. ಮಧ್ಯಸ್ಥರು ದನಿ ತಗ್ಗಿಸಿದರು.

"ಅಣ್ಣಾ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಮನಿಯವರು ಒಂದ ಸಲನೂ ಚಹಾ ಮುಟ್ಟಿಲ್ರಿ. ಅವರಿಗೇ ಮನಸಿಲ್ಲ ಅಂತ ಎಲ್ಲಾರೂ ತಿಳಕೊಂಡಾರ್ರಿ. ನಾನೂ ಹಂಗ ತಿಳಕೊಂಡಿದ್ದೆ."

ಹೊರಗಿನವರಿಗೆ ಇದು ಹುಚ್ಚಾಟವೆನಿಸಬಹುದು. ಅಥಣಿ, ಕಾಗವಾಡ, ಚಿಕ್ಕೋಡಿ, ಈ ಕಡೆಯ ನಮ್ಮ ಜನ ಸೋಯರಿಕೆಯಲ್ಲಿ ಒಲ್ಲೆವು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಎದುರಿನವರ ಮರ್ಯಾದೆ ಹೋಗುತ್ತದೆ, ನಾಳೆ ಯಾವುದೋ ಮದುವೆಯಲ್ಲಿ ಅವರದೇ ಪಂಕ್ತಿಯಲ್ಲಿ ಕೂರಬೇಕಾಗುತ್ತದೆ. ಅದಕ್ಕೆ ಮನೆಯ ಹಿರಿಯರು ಚಹಾ ಮುಟ್ಟದೆ ಎದ್ದರೆ ಮುಗಿಯಿತು, ಎಲ್ಲರಿಗೂ ತಿಳಿಯಿತು. ಯಾರೂ ಯಾಕೆ ಎಂದು ಕೇಳುವುದಿಲ್ಲ, ಕೇಳುವುದು ಅಸಭ್ಯತನ. ಆರು ಮನೆತನದವರು ನಮ್ಮ ಅವ್ವನ ತುಂಬಿದ ಕಪ್ಪು ನೋಡಿ, ಸಭ್ಯರಾಗಿ ಕೈ ಮುಗಿದು, ತಮ್ಮನ್ನೇ ಒಲ್ಲೆ ಅಂದರೆಂದು ತಿಳಿದು ಮನೆಗೆ ಹೋಗಿದ್ದರು. ನಾವು ಅವರು ಒಲ್ಲೆ ಅಂದರೆಂದು ತಿಳಿದು ಮನೆಗೆ ಬಂದಿದ್ದೆವು.

ಅವ್ವ ಚಹಾ ಬಿಟ್ಟಿರುವುದು ನಮಗೆ ಗೊತ್ತಿತ್ತು. ಒಂದು ದಿನ ಬಿಟ್ಟೇನಿ ಅಂದಿದ್ದಳು, ಪಿತ್ತವಿರಬೇಕು ಎಂದು ನಾವೇ ಅಂದುಕೊಂಡೆವು, ಅವಳು ಅಲ್ಲವೆನ್ನಲಿಲ್ಲ. ಅದಕ್ಕೆ ಮೊದಲು ಅವಳಂಥ ಚಹಾ ಪ್ರೇಮಿ ಓಣಿಯಲ್ಲಿ ಇರಲಿಲ್ಲ. ನಸುಕಿನಲ್ಲಿ ಒಂದು, ಬಸ್ತಿಗೆ ಹೋಗಿ ದರ್ಶನ ಮಾಡಿ ಬಂದು ಒಂದು, ಕಾರ್ಖಾನೆಯ ಮಧ್ಯಾಹ್ನದ ಭೋಂಗಾ ಕೂಗಿದಾಗ ಒಂದು. ತಲೆನೋವು ಬಂದರೂ ಚಹಾ, ಹೋದರೂ ಚಹಾ. ಅಂಥವಳು ಬಿಟ್ಟಳೆಂದರೆ ನಾನು ಕೇಳಬೇಕಿತ್ತು. ಕೇಳಲಿಲ್ಲ. ಮನೆಯಲ್ಲಿ ನನ್ನನ್ನು ನೋಡಲು ಬಂದಾಗ ಅವಳು ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಸೋಸುವವಳು. ಸೋಸುವವಳು ಕುಡಿದಳೋ ಇಲ್ಲವೋ ಯಾರು ನೋಡುತ್ತಾರೆ. ಹೋಟೆಲಿನಲ್ಲಿ ಮೊದಲ ಸಲ ಅವಳನ್ನು ಎಲ್ಲರ ಎದುರಿಗೆ ಕೂರಿಸಿ, ಮುಂದೆ ಒಂದು ಕಪ್ಪು ಇಟ್ಟರು.

ಫೋನು ಇಟ್ಟ ಮೇಲೆ ಅಪ್ಪ ಅಂಗಳಕ್ಕೆ ಹೋಗಿ ನಿಂತರು. ನಾನು ಅಡುಗೆಮನೆಗೆ ಹೋದೆ. ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಜೋಳದ ಹಿಟ್ಟು ನಾದುವುದನ್ನು ನಿಲ್ಲಿಸದೆ ಹೇಳಿದಳು. ಅಕ್ಕೋಳಕ್ಕೆ ಮುನಿ ಮಹಾರಾಜರು ಬಂದಿದ್ದಾಗ, ಎಂಟು ವರ್ಷದ ಹಿಂದೆ, ಅವರ ಮುಂದೆ ನಿಯಮ ತೆಗೆದುಕೊಂಡಿದ್ದಳಂತೆ. ಮಗಳ ಮದುವೆ ನಿಶ್ಚಯವಾಗುವವರೆಗೆ ಚಹಾ ಇಲ್ಲ. ಬೇರೆಯವರು ಬೆಲ್ಲ ಬಿಡುತ್ತಾರೆ, ತುಪ್ಪ ಬಿಡುತ್ತಾರೆ. ಅವಳು ತನಗೆ ಎಲ್ಲಕ್ಕಿಂತ ಇಷ್ಟವಾದುದನ್ನೇ ಬಿಟ್ಟಿದ್ದಳು. ಹೆಚ್ಚೆಂದರೆ ಮೂರು ತಿಂಗಳ ಮಾತು ಎಂದು ಆಗ ಅನಿಸಿತ್ತಂತೆ.

ನನಗೆ ಮೊದಲು ಬಂದದ್ದು ಸಿಟ್ಟು. ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಉಪವಾಸ ಕೂರಲು ನಿನಗೆ ಯಾರು ಹೇಳಿದ್ದರು ಅಂದೆ. ಬಂದವರಿಗೆ ನಿಯಮವಿದೆ ಎಂದಾದರೂ ಹೇಳಬಹುದಿತ್ತಲ್ಲ ಅಂದೆ. ಅವ್ವ ತಲೆ ಎತ್ತಿದಳು. ಏನಂತ ಹೇಳಲಿ, ಎಂಟು ವರ್ಷದಿಂದ ಎಂದರೆ ಎಂಟು ವರ್ಷದಿಂದ ನನ್ನ ಮಗಳನ್ನು ಯಾರೂ ಒಪ್ಪಿಲ್ಲ ಎಂದು ಹೇಳಿದ ಹಾಗೇ ಅಲ್ಲವೇ, ಎಂದು ಕೇಳಿದಳು. ವೈದ್ಯರು ಬೇಡವೆಂದಿದ್ದಾರೆ ಅನ್ನಬಹುದಿತ್ತು ಎಂದೆ. ನಿಯಮದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಎಂದಳು. ನಿಯಮ ಮುರಿದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಅವಳು ಮುರಿಯುವ ಪೈಕಿ ಅಲ್ಲವೆಂದು ಗೊತ್ತಿತ್ತು. ಆ ದಿನದಿಂದ ನನಗೆ ನನ್ನ ಮದುವೆ ಮರೆತೇಹೋಯಿತು. ಅವ್ವ ಮತ್ತೆ ಚಹಾ ಕುಡಿಯುವಳೋ ಇಲ್ಲವೋ ಎಂಬುದೇ ತಲೆಯಲ್ಲಿ ಉಳಿಯಿತು.

ಸಂಜೆ ಅಂಗಳದಲ್ಲಿ ಅಪ್ಪನ ಪಕ್ಕ ಕೂತು, ಇನ್ನು ಮೇಲೆ ಬಶಿಯಲ್ಲೇ ಕುಡಿಯಿರಿ, ತಪ್ಪು ನನ್ನದು ಎಂದೆ. ಅಪ್ಪ ನಕ್ಕರು. ಅಭ್ಯಾಸ ತಪ್ಪಿದೆ, ಈಗ ಬಶಿಗೆ ಸುರುವಿದರೆ ಕೈ ನಡುಗುತ್ತದೆ ಎಂದರು. ನಿಜವೇ, ಮನೆಯಲ್ಲೂ ಅವರು ಕಪ್ಪಿನಲ್ಲೇ ಕುಡಿಯುತ್ತಿದ್ದುದನ್ನು ನಾನು ಗಮನಿಸಿರಲಿಲ್ಲ.

ಏಳನೆಯದು ಹೋದ ತಿಂಗಳು, ಬೆಳಗಾವಿಯಲ್ಲಿ. ನಾನು ಹೋಗುವುದಿಲ್ಲ ಎನ್ನಬಹುದಿತ್ತು. ಅವ್ವನ ಮುಖ ನೋಡಿ ಸೀರೆ ಉಟ್ಟೆ. ಅಥಣಿ ಕಡೆಯ ದ್ರಾಕ್ಷಿ ತೋಟದವರು, ಒಣದ್ರಾಕ್ಷಿ ವ್ಯಾಪಾರ. ವರನಿಗೆ ನಲವತ್ತಿರಬೇಕು, ಬಿಸಿಲಿಗೆ ಕಪ್ಪಾದ ಮುಖ, ಮಾತು ಕಡಿಮೆ. ಜೊತೆಗೆ ಅವರ ತಾಯಿ ಒಬ್ಬರೇ. ವೇಟರ್ ಕೆಟಲಿ ತಂದು ಎಲ್ಲರ ಕಪ್ಪಿಗೂ ಬಗ್ಗಿಸಿದ. ಬೇಡವೆಂದು ಅವ್ವ ಕಪ್ಪಿನ ಮೇಲೆ ಕೈ ಅಡ್ಡ ಇಡುವ ಹಾಗಿಲ್ಲ, ಅದು ಮುಟ್ಟದಿರುವುದಕ್ಕಿಂತ ಕೆಟ್ಟದ್ದು. ಐದೂ ಕಪ್ಪುಗಳಿಂದ ಹಬೆ ಏಳುತ್ತಿತ್ತು. ವರನ ತಾಯಿ ಚಹಾ ಕುಡಿಯುತ್ತ, ನನ್ನನ್ನಲ್ಲ, ಅವ್ವನ ಕಪ್ಪನ್ನೇ ನೋಡುತ್ತಿದ್ದರು. ಮಧ್ಯಸ್ಥರು ಅವರ ಕಿವಿಯಲ್ಲೂ ಏನೋ ಹಾಕಿರಬೇಕು.

ನಾನು ನನ್ನ ಚಹಾ ಬೇಗ ಮುಗಿಸಿದೆ. ಅಪ್ಪ ಈ ಸಲದ ದ್ರಾಕ್ಷಿಯ ಮಾತು ತೆಗೆದರು, ಆ ತಾಯಿ ಅವರ ಕಡೆ ತಿರುಗಿದರು. ಆಗ ಅವ್ವ ಎರಡು ಬೆರಳಿನಿಂದ ಕಪ್ಪಿನ ಸಮೇತ ತನ್ನ ಬಶಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ನಾವಿಬ್ಬರೂ ಇದನ್ನು ಮೊದಲೇ ಮಾತಾಡಿಕೊಂಡಿರಲಿಲ್ಲ. ನನ್ನ ಖಾಲಿ ಕಪ್ಪು ಅವಳ ಮುಂದೆ ಹೋಯಿತು, ಅವಳ ತುಂಬಿದ ಕಪ್ಪು ನನ್ನ ಮುಂದೆ ಬಂತು. ಅವಳು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ, ಚಹಾವನ್ನೂ ಕುಡಿಯಲಿಲ್ಲ. ನಾನು ಆ ಎರಡನೆಯ ಕಪ್ಪನ್ನೂ ಕುಡಿದೆ. ಸಕ್ಕರೆ ಹಾಕಿರಲಿಲ್ಲ, ಕಹಿಯಿತ್ತು.

ಆಮೇಲೆ ಹಿರಿಯರು ನಮ್ಮಿಬ್ಬರನ್ನು ಕಿಟಕಿಯ ಹತ್ತಿರದ ಮೇಜಿಗೆ ಕಳಿಸಿದರು. ಇಬ್ಬರೂ ಕೆಳಗಿನ ಈಜುಕೊಳ ನೋಡಿದೆವು. ಇದು ನಿಮಗೆ ಎಷ್ಟನೆಯದು ಎಂದು ಅವರು ಕೇಳಿದರು. ಏಳು ಅಂದೆ. ನನಗೆ ಹತ್ತು, ಈ ಕೇಕುಗಳೆಲ್ಲ ಬಾಯಿಪಾಠ ಆಗಿವೆ ಎಂದರು. ನನಗೆ ನಗು ಬಂತು, ಅವರೂ ನಕ್ಕರು. ನೌಕರಿ ಬಿಡುವುದು ಬೇಡ, ಅಥಣಿಯಲ್ಲೂ ಶಾಲೆಗಳಿವೆ ಎಂದರು. ಒಳ್ಳೆಯ ಮನುಷ್ಯ. ಅವರಲ್ಲಿ ನಾನು ಕೊರತೆ ಹುಡುಕಿದೆ, ಪ್ರಾಮಾಣಿಕವಾಗಿ ಹುಡುಕಿದೆ, ಒಂದೂ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು. ಹಾಗೆ ಅನಿಸಿದ ಮೇಲೆಯೇ ನನಗೆ ನನ್ನ ಮನಸ್ಸು ಗೊತ್ತಾದದ್ದು.

ವಾಪಸು ಬರುವಾಗ ಕಾರಿನಲ್ಲಿ ಅಪ್ಪ ನಿದ್ದೆ ಹೋದರು. ಅವ್ವ ಚಿಕ್ಕೋಡಿ ದಾಟುವವರೆಗೂ ನನ್ನ ಕೈ ಹಿಡಿದುಕೊಂಡಿದ್ದಳು.

ಮೂರನೆಯ ದಿನ, ಬುಧವಾರ, ಶಾಲೆಗೆ ಏನೋ ಸ್ಥಳೀಯ ರಜೆ ಇತ್ತು. ಹತ್ತು ಗಂಟೆಯ ಸುಮಾರಿಗೆ ಮಧ್ಯಸ್ಥರ ಫೋನು ಬಂತು. ಅವರಿಗೆ ಒಪ್ಪಿಗೆಯಂತೆ, ಮುಂದಿನ ಮಾತಿಗೆ ಯಾವತ್ತು ಬರಲಿ ಎಂದು ಕೇಳಿದ್ದಾರಂತೆ. ನಿಮ್ಮ ಮನೆಯವರು ಚಹಾ ಕುಡಿದರಲ್ಲ, ಅದಕ್ಕೇ ಅವರ ತಾಯಿಗೆ ಬಹಳ ಸಮಾಧಾನವಾಗಿದೆ ಎಂದೂ ಹೇಳಿದರು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಬಸ್ತಿಗೆ ಹೋಗಿ ಬರುತ್ತೇನೆಂದು ಟೊಪ್ಪಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಅವ್ವ ಅಡುಗೆಮನೆಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ. ಅವಳು ಪಾತೆಲಿಗೆ ನೀರು ಹಾಕಿದಳು, ಅಪ್ಪನಿಗೊಂದು ಕಪ್ಪು, ನನಗೊಂದು, ಸ್ವಲ್ಪ ತಡೆದು ಇನ್ನೊಂದು. ಶುಂಠಿ ನಮ್ಮ ಮನೆಯಲ್ಲಿಲ್ಲ, ಅದು ನೆಲದೊಳಗೆ ಬೆಳೆಯುವುದು, ನಾವು ತಿನ್ನುವುದಿಲ್ಲ. ಏಲಕ್ಕಿ ಜಜ್ಜಿದಳು. ಆ ಮೂರನೆಯ ಕಪ್ಪಿನ ನೀರು ಅವಳದು. ಈಗ ಹೇಳದಿದ್ದರೆ ಅವಳು ಕುಡಿಯುತ್ತಾಳೆ, ಕುಡಿದ ಮೇಲೆ ನಾನು ಹೇಳಿದರೆ ಅವಳ ನಿಯಮ ನನ್ನಿಂದಲೇ ಮುರಿದ ಹಾಗೆ. ಹೇಳದೆಯೇ ಇರಬಹುದು, ಎಷ್ಟೋ ಜನ ಇದಕ್ಕಿಂತ ಸಣ್ಣ ಕಾರಣಕ್ಕೆ ಮದುವೆಯಾಗಿದ್ದಾರೆ ಎಂದೂ ಅನಿಸಿತು. ನೀರು ಕುದಿಯುವವರೆಗೂ ನಾನು ಹಾಗೇ ನಿಂತಿದ್ದೆ.

"ಅವ್ವಾ, ನಾ ಒಲ್ಲೆ," ಅಂದೆ.

ಅವಳು ತಿರುಗಲಿಲ್ಲ. ಚಹಾಪುಡಿಯ ಡಬ್ಬಿ ಕೈಯಲ್ಲೇ ಇತ್ತು.

"ಇವರನ್ನಷ್ಟ ಒಲ್ಲೆಯೋ, ಮದುವೀನ ಒಲ್ಲೆಯೋ?"

ಮದುವೆಯೇ ಬೇಡ ಅಂದೆ. ಅವರು ಒಳ್ಳೆಯವರು, ಅವರಲ್ಲಿ ಏನೂ ತಪ್ಪಿಲ್ಲ, ನನ್ನಲ್ಲೇ ಇನ್ನು ಆ ಆಸೆ ಉಳಿದಿಲ್ಲ, ನನಗೆ ದಣಿವಾಗಿದೆ ಎಂದೆ. ಮಹಾರಾಜರು ಯಾರಾದರೂ ಬಂದಾಗ ಕೇಳಿ ನಿಯಮ ಬಿಡಿಸಿಕೋ ಎಂದೂ ಹೇಳಿದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಒಂದು ಲೋಟ ತೆಗೆದುಕೊಂಡು, ಪಾತೆಲಿಯಿಂದ ಒಂದು ಕಪ್ಪಿನಷ್ಟು ಬಿಸಿನೀರನ್ನು ಅದಕ್ಕೆ ಬಗ್ಗಿಸಿ ಪಕ್ಕಕ್ಕಿಟ್ಟಳು. ಆಮೇಲೆ ಚಹಾಪುಡಿ, ಸಕ್ಕರೆ, ಹಾಲು ಹಾಕಿದಳು.

"ಇದನ್ನ ಎಂಟ ವರ್ಷದ ಹಿಂದ ಹೇಳಿದ್ರ ನಾ ನಿಯಮಾನ ತಗೋತಿದ್ದಿಲ್ಲ," ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ಹಾಗೆ ಅಂದಿದ್ದರೆ ನನಗೂ ಹಗುರಾಗುತ್ತಿತ್ತು.

"ಎಂಟ ವರ್ಷದ ಹಿಂದ ನನಗ ಬೇಕಾಗಿತ್ತವ್ವಾ," ಅಂದೆ.

ಆಗ ಅವಳು ನನ್ನ ಕಡೆ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಚಹಾ ಉಕ್ಕಿ ಬರ್ನರಿನ ಮೇಲೆ ಹರಿಯಿತು, ಇಬ್ಬರೂ ಅದನ್ನು ನೋಡಿಕೊಳ್ಳಲಿಲ್ಲ. ಕೊನೆಗೆ ಅವಳೇ ಗ್ಯಾಸ್ ಆರಿಸಿದಳು, ಅಪ್ಪನ ಪಾಲನ್ನು ಪಾತೆಲಿಯಲ್ಲೇ ಬಿಟ್ಟು ನನ್ನದನ್ನು ಸೋಸಿ ಕಪ್ಪಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ತಾನು ಬಿಸಿನೀರಿನ ಲೋಟ ಹಿಡಿದು ನನ್ನ ಎದುರಿಗೆ ಕೂತಳು. ಆರುತ್ತದೆ, ಕುಡಿ ಎಂದಳು. ನಾನು ಅವಳ ಮುಂದೆಯೇ ಪೂರ್ತಿ ಕುಡಿದೆ.